ಇಪ್ಪತ್ತೆರಡನೇ ಕಲಮು

ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ
ಕುಲುಮೆಗೆ ಒಬ್ಬ, ಮರಳಿಗೆ ನಾಲ್ವರು,
ಕರಾರಿಗೆ ನಾನೊಬ್ಬಳು.
ಕರಾರು ಅಂದರೆ ಈಗ
ಪರದೆಯ ಮೇಲೆ ಸಾಲಾಗಿ ನಿಂತ ಡಬ್ಬಿಗಳು.
ಒಂದು ಹಸಿರಾದರೆ ಮುಂದಿನದು ಕಣ್ಣು ಬಿಡುತ್ತದೆ.

ಚೌಗುಲೆ ಸಾಹೇಬರ ಅಪ್ಪ
ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸಿದವರು.
"ಬೆರಳ ಮಾತು, ಸತ್ರೂ ತಪ್ಪಂಗಿಲ್ಲ" ಅಂದವರು.
(ಎರಡು ಸಲ ತಪ್ಪಿದ್ದರಂತೆ. ಅದು ಬೇರೆ ಮಾತು.)

ಮಗನ ಸಹಿ ಈಗ ಆರು ಅಂಕಿ.
ನಿಪ್ಪಾಣಿಯ ಮದುವೆಯಲ್ಲಿ ಕೂತು, ಬಾಯಲ್ಲಿ ಬುಂದಿ,
"ಬರ್ಕೋರಿ... ನಾಕು, ಸೊನ್ನೆ, ಒಂಬತ್ತು..."
ಪುಣೆಯ ಪಂಪಿನ ಕಂಪನಿ ಅಲ್ಲಿ ಹಸಿರಾಗುತ್ತದೆ.

ಏಳು: ಕುಲುಮೆಯ ತಾಪದ ದಾಖಲೆ.
ಹದಿನಾಲ್ಕು: ಮುರಿದು ನೋಡಿದ ತುಂಡಿನ ಫೋಟೋ.
ಇಪ್ಪತ್ತೆರಡು: ದುಡಿದವರ ಕೂಲಿ,
ಹೆಚ್ಚಿನ ತಾಸಿನದೂ ಸೇರಿ, ಸಂದಾಯವಾಗಿದೆಯೇ?
ಸಾಹೇಬರು ತಿಂಗಳಿಗೊಮ್ಮೆ "ಹೌದು" ಒತ್ತುತ್ತಾರೆ,
ಕೊರಳಿಗೆ ಕೂತ ಸೊಳ್ಳೆ ಹೊಡೆದಷ್ಟು ಸಲೀಸಾಗಿ.

ಮೊನ್ನೆ ಮೌಲಾಲಿ ಸನದಿ ಬಾಗಿಲಲ್ಲಿ ನಿಂತ.
ಹುಬ್ಬಿನ ತುಂಬ ಕರಿ ಮರಳು.
"ಅಕ್ಕಾರ, ಪುಣೇದವರಿಗೆ ಮಾಲು ತಡಾ ಆದ್ರ ಇದು ಒದರತೈತಲ್ಲ,
ನಮ್ಮ ಓಟಿ ರೊಕ್ಕ ಮೂರ ತಿಂಗಳಿಂದ ತಡಾ ಆಗೇತಿ.
ಅದಕೂ ಒಂದೀಟ ಒದರಾಕ ಹೇಳ್ರಿ."
ನಕ್ಕ. ನಾನೂ ನಕ್ಕೆ.
ಹೆಸರಲ್ಲೇ ಸನದು ಇಟ್ಟುಕೊಂಡವನ ಕೈಯಲ್ಲಿ
ಒಂದು ಚೀಟಿಯೂ ಇಲ್ಲ.

ರಾತ್ರಿ ಎಂಟಕ್ಕೆ ಆ ಡಬ್ಬಿ ತೆರೆದೆ.
"ಹೌದು" ಎಂಬುದರ ಕೆಳಗೆ
ಯಾರೂ ಮುಟ್ಟದ ಒಂದು ಸಣ್ಣ ಚೌಕ:
ಪುರಾವೆ ಕಡ್ಡಾಯ.
ಟಿಕ್ ಹಾಕಿದೆ. ಒಂದಕ್ಷರ ಸೇರಿಸಲಿಲ್ಲ.
ಅವರೇ ಒಪ್ಪಿದ ಮಾತಿಗೆ
ಹಲ್ಲು ಕಟ್ಟಿಸಿದೆ, ಅಷ್ಟೇ.

ಇವತ್ತು ಲಾರಿ ತುಂಬಿದೆ. ನಾನೂರು ಪಂಪಿನ ಕವಚ.
ಡ್ರೈವರ್ ಹಗ್ಗ ಬಿಗಿದು, ಚಹಾ ಕುಡಿದು, ಮತ್ತೆ ಚಹಾ ಕುಡಿದ.
ಗೇಟ್ ಪಾಸು ಹುಟ್ಟುತ್ತಿಲ್ಲ.
ಸಾಹೇಬರು "ಹೌದು" ಒತ್ತುತ್ತಾರೆ.
ಬ್ಯಾಂಕ್ ಪಾವತಿ ಲಗತ್ತಿಸಿ, ಅನ್ನುತ್ತದೆ.
ಮತ್ತೆ ಒತ್ತುತ್ತಾರೆ.
"ಏನಾಗೇತ್ರಿ ಈ ಸುಡುಗಾಡ ಮಷಿನಿಗೆ?"
"ಏನೂ ಆಗಿಲ್ರಿ. ಅದಕ್ಕ ಓದಾಕ ಬರತೈತಿ."

ಒಳಗೆ ಕಬ್ಬಿಣ ಸುರಿಯುವ ಸದ್ದು.
ಸಾಹೇಬರು ಕನ್ನಡಕ ಹುಡುಕಿ ಹಾಕಿಕೊಂಡು
ಗಾಜಿನ ಮೇಲೆ ಬೆರಳಿಟ್ಟು
ಇಪ್ಪತ್ತೆರಡನ್ನು ಓದುತ್ತಿದ್ದಾರೆ, ತುಟಿ ಅಲ್ಲಾಡಿಸುತ್ತ.

ನಾಳೆ ನಾನಿಲ್ಲಿ ಇರುತ್ತೇನೋ ಇಲ್ಲವೋ.
ನನ್ನದು ಒಂಬತ್ತು ವರ್ಷದ
ಬಾಯಿಮಾತಿನ ನೌಕರಿ.