ಆವಕ ಸಂಖ್ಯೆ ೨೧೭

ಬೈತಖೋಲ ಬಂದರಿನ ಮೀನುಗಾರರ ಸಂಘದಲ್ಲಿ
ನಾನು ಬರೆಯುವವಳು. ಹನ್ನೊಂದು ವರ್ಷ.
ಬಂಗಡೆಯ ತೂಕ, ಐಸಿನ ಬಾಕಿ, ಡೀಸೆಲ್ಲಿನ ಚೀಟಿ,
ಆವಕ, ಜಾವಕ, ಎರಡು ದಪ್ಪ ಪುಸ್ತಕ.
ಕೋಣೆಗೆ ಒಂದೇ ಕಿಟಕಿ. ಅದಕ್ಕೆ ಅಡ್ಡ ತಿಜೋರಿ.

ಒಂಬತ್ತು ಗಂಡಸರ ಹೊಗೆಯನ್ನು
ಸಂಬಳದ ಜೊತೆಗೇ ಮನೆಗೆ ಒಯ್ಯುತ್ತಿದ್ದೆ.
ಜಡೆ ಬಿಚ್ಚಿದರೆ ಮಗಳು ಮೂಗು ಮುಚ್ಚಿ
"ಆಯಿ, ನೀ ಎಂತಕೆ ಸಿಗರೇಟು ಸೇದ್ತೆ?"

ಮಾರ್ಚಿನ ಸಭೆಯಲ್ಲಿ ಠರಾವು ಬಂತು:
ಕೋಣೆಯೊಳಗೆ ಬೀಡಿ ಸಿಗರೇಟು ಬೇಡ.
ಸೂಚಕರು ಪುರ್ಸು ತಾಂಡೇಲ. ಅನುಮೋದಕರು?
ಒಂದು ಗಳಿಗೆ ಎಲ್ಲರೂ ಮಾಡು ನೋಡಿದರು.
ಆಮೇಲೆ ಲಾಂಚಿನ ಇನಾಸ ಕೆಮ್ಮಿದ.
ಅದನ್ನೇ ಅನುಮೋದನೆಯೆಂದು ಬರೆದುಕೊಂಡೆ.

ಹತ್ತು ದಿನಕ್ಕೆ ಘಟ್ಟ ಇಳಿದು ಬಂದ
ಕಂಪನಿಯ ಹುಡುಗ. ಇಸ್ತ್ರಿ ಮುರಿಯದ ಅಂಗಿ.
ಅವನು ಸೇದುವುದಿಲ್ಲವಂತೆ. ಯಾಕೆ ಅಂದರೆ ನಕ್ಕ.
ಎಲ್ಲರಿಗೂ ಕ್ಯಾಲೆಂಡರು, ಅಧ್ಯಕ್ಷರಿಗೆ ಡೈರಿ,
ಗೋಡೆಗೊಂದು ಹಾಳೆ: ಎರಡು ಕೈ ಕುಲುಕುತ್ತಿವೆ, ಕೆಳಗೆ
'ಸೌಜನ್ಯವಿದ್ದಲ್ಲಿ ನಿಯಮವೇಕೆ?'
ಕ್ಯಾಲೆಂಡರು ಮುಟ್ಟಿದ್ದಕ್ಕೆ ಸಹಿ ಬೇಕು ಅಂದ.
ಬಿಳಿ ಹಾಳೆಗೆ ಗೆರೆ ಹಾಕಿಕೊಟ್ಟವಳು ನಾನೇ,
ಅಂಕಿ, ಹೆಸರು, ಸಹಿ, ಸ್ಕೇಲಿಟ್ಟು, ನೇರ.

ಅವನ ಮಾತಿನಲ್ಲಿ ಹೊಗೆ ಎಂಬ ಶಬ್ದವೇ ಇರಲಿಲ್ಲ.
ಗಾಳಿಯ ಗುಣಮಟ್ಟ ಅಂದ. ಹೊಂದಾಣಿಕೆ ಅಂದ.
ದುಡಿಯುವವನ ಸ್ವಾತಂತ್ರ್ಯ ಅನ್ನುವಾಗ ದನಿ ತಗ್ಗಿಸಿದ,
ಸತ್ತವರ ಮನೆಯಲ್ಲಿ ಮಾತಾಡುವ ಹಾಗೆ.
ಆಮೇಲೆ ಬೂಟಿನ ತುದಿಯಿಂದ ನೆಲದ ಮೇಲೊಂದು ಗೆರೆ:
ಈಚೆ ಸೇದುವವರು, ಆಚೆ ಸೇದದವರು,
ನಡುವೆ ಜಗಳ ಬೇಡ, ಒಂದು ಎಕ್ಸಾಸ್ಟ್ ಫ್ಯಾನು ಕೊಡುತ್ತೇವೆ, ಪುಕ್ಕಟೆ.

ಪುರ್ಸಜ್ಜ ಕೇಳಿದ:
"ತಮಾ, ದೋಣಿಯ ಹಿಂದಿನ ಅರ್ಧ ಮಾತ್ರ
ಮುಳುಗೂದು ಅಂತ ಉಂಟಾ?"
ಹುಡುಗ ಅದನ್ನೂ ನಗುನಗುತ್ತ ಬರೆದುಕೊಂಡ.

ಫ್ಯಾನು ಬಂತು. ಪಡುವಣ ಗೋಡೆ ಒಡೆದು ಕೂರಿಸಿದರು.
ಬೆಳಿಗ್ಗೆ ಘಟ್ಟದ ಗಾಳಿ ಹೊಗೆಯನ್ನು ಹೊತ್ತು ಹಾಕುತ್ತಿತ್ತು
ಹೊರಗೆ ಜಗಲಿಯಲ್ಲಿ ಬಲೆಯ ಹರಕು ಹೆಣೆಯುವ
ಭಿಮ್ಮಕ್ಕ, ಲೀಲಾವತಿ, ಇನಾಸನ ಅತ್ತಿಗೆ,
ಇವರ ಮುಖದ ಮೇಲೆ.
ಮಧ್ಯಾಹ್ನ ಕಡಲಗಾಳಿ ತಿರುಗಿದ್ದೇ
ಎಲ್ಲ ವಾಪಸು ಒಳಗೆ,
ಒಣಗಲು ಹಾಕಿದ ಸೀಗಡಿಯ ವಾಸನೆಯನ್ನೂ ಕರೆದುಕೊಂಡು.
ಗಾಳಿ ನೋಡಿಯೇ ಹಾಯಿ ಬಿಚ್ಚುತ್ತಿದ್ದವರ ಮಕ್ಕಳಿಗೆ
ಗಾಳಿಯ ಪಾಠ ಹೇಳಿ ಹೋಗಿದ್ದ.

ಮೇ ತಿಂಗಳಲ್ಲಿ ಒಂದು ರಿಜಿಸ್ಟರ್ಡ್ ಲಕೋಟೆ.
'ಕರಾವಳಿ ಶ್ರಮಿಕರ ಧೂಮಪಾನ ಹಕ್ಕು ವೇದಿಕೆ.'
ಹೀಗೊಂದು ವೇದಿಕೆ ಯಾವ ಕರಾವಳಿಯಲ್ಲಿ?
ವಿಳಾಸ ಯಾರೋ ವಕೀಲರದು.
'ಠರಾವನ್ನು ಕೂಡಲೇ ಹಿಂಪಡೆಯಬೇಕು. ಇದು ಬಡವನ
ಒಂದೇ ಒಂದು ಸುಖದ ಮೇಲಿನ ಹಲ್ಲೆ.
ಕೆಳಗೆ ಸಹಿ ಮಾಡಿರುವ ನೊಂದ ಧೂಮಪಾನಿಗಳು...'

ಪುಟ ತಿರುವಿದೆ. ಗೆರೆ ಗುರುತಾಯಿತು.
ನನ್ನ ಸ್ಕೇಲು ತುದಿಯಲ್ಲಿ ಒಡೆದಿದೆ,
ಪ್ರತಿ ಗೆರೆಯೂ ಕೊನೆಗೆ ಒಂಚೂರು ಸೊಟ್ಟ.
ಮೂರನೆಯದು ಪುರ್ಸಜ್ಜನ ಹೆಬ್ಬೆಟ್ಟು.
ಹದಿನೇಳನೆಯದು ಶೇವಂತಿ ಹರಿಕಂತ್ರ,
ನನ್ನದೇ ಅಕ್ಷರ, ದುಂಡಗೆ.

ಬಂದ ಕಾಗದ ಬಂದದ್ದೇ, ಒಳಗೆ ತೆಗೆದುಕೊಳ್ಳಬೇಕು.
ಸಿಕ್ಕೆ ಒತ್ತಿದೆ. ದಿನಾಂಕ ಹಾಕಿದೆ.
ಷರಾ ಅಂಕಣದಲ್ಲಿ ಬರೆದೆ:
'ಕ್ಯಾಲೆಂಡರು ಮುಟ್ಟಿದೆ.'

ಅಧ್ಯಕ್ಷರು ಇನ್ನೂ ಓದಿಲ್ಲ. ಈಗ ಬೋಟು ಬಂದ್,
ಸಭೆ ಏನಿದ್ದರೂ ನೂಲಹುಣ್ಣಿಮೆ ಕಳೆದ ಮೇಲೆ.
ಠರಾವು ಇದೆ, ಫ್ಯಾನೂ ಇದೆ, ಗೋಡೆಯ ಮೇಲೆ
ಎರಡು ಕೈ ಇನ್ನೂ ಕುಲುಕುತ್ತಲೇ ಇವೆ.
ಇನಾಸ ಮಾತ್ರ ಬೀಡಿ ತೆಗೆದರೆ ಎದ್ದು ಹೊರಗೆ ಹೋಗುತ್ತಾನೆ.
ಹಿಡಿ ಮರಳೆತ್ತಿ ಮೆಲ್ಲಗೆ ಬಿಟ್ಟು
ಯಾವ ಕಡೆ ಹಾರಿತು ನೋಡಿ,
ಗಾಳಿಗೆ ಆ ಹೆಂಗಸರು ಮೊದಲು, ತಾನು ಆಮೇಲೆ
ಸಿಗುವಲ್ಲಿ ಹುಡುಕಿ ನಿಂತು
ಕಡ್ಡಿ ಗೀರುತ್ತಾನೆ.