ಬಲೆಯ ಕಣ್ಣು

ಎರ್ಮಿತಾಸ್ ಮೊದಲ ಸಲ ನನ್ನ ಔಷಧದಂಗಡಿಗೆ ಬಂದದ್ದು
ನಾಲಿಗೆ ತೋರಿಸಲು.
ಕೆಂಪಗೆ, ನುಣ್ಣಗೆ, ಉಪ್ಪು ತಾಗಿದರೆ ಉರಿ.
ಮಾಲ್ಪಿಕಾದ ಬಂದರಿನಲ್ಲಿ ಕೂತು
ನಲವತ್ತು ವರ್ಷದಿಂದ ಹರಿದ ಬಲೆ ಹೆಣೆಯುವವಳು;
ಉಪ್ಪಿಲ್ಲದ ಗಾಳಿಯನ್ನು ಎಲ್ಲಿಂದ ತರಲಿ ಅವಳಿಗೆ?

"ಕೈಯೊಳಗೆ ಇರುವೆ ಹರಿದ ಹಾಗೆ" ಅಂದಳು,
"ನಾಲ್ಕು ಮೆಟ್ಟಿಲಿಗೇ ಎದೆ ಬಾಗಿಲು ಬಡಿಯುತ್ತೆ."
ಸಕ್ಕರೆ ಕಾಯಿಲೆಯ ಮಾತ್ರೆ, ಹತ್ತು ವರ್ಷ ನಾನೇ ಎಣಿಸಿ ಕೊಟ್ಟದ್ದು,
ಅವಳ ರಕ್ತದಿಂದ ಸದ್ದಿಲ್ಲದೆ
ಬಿ ಹನ್ನೆರಡನ್ನು ಕದ್ದಿತ್ತು.

ಸೂಜಿಯವಳಿಗೆ ಸೂಜಿ ಬರೆದುಕೊಟ್ಟಳು ವೈದ್ಯೆ.
ಗಾಜಿನ ಪುಟ್ಟ ಶೀಷೆಯಲ್ಲಿ ದಾಳಿಂಬೆ ಹಿಂಡಿದ ಬಣ್ಣ.
ವಾರಕ್ಕೊಂದು, ಆಮೇಲೆ ತಿಂಗಳಿಗೊಂದು.
ಈಸ್ಟರ್ ಹೊತ್ತಿಗೆ ಮೇಲಿನ ಬೀದಿಗೆ ನಿಲ್ಲದೆ ಹತ್ತಿ ಇಳಿದು
ಬಿಸಿ ಬ್ರೆಡ್ಡೊಂದನ್ನು ನನ್ನ ಕೌಂಟರಿನ ಮೇಲೆ ಕುಕ್ಕಿದಳು.

ನನಗೂ ಹೆಮ್ಮೆ. ಸುಳ್ಳೇಕೆ ಹೇಳಲಿ.
ಕಿಟಕಿಯಿಂದ ದಿನಾ ನೋಡುತ್ತಿದ್ದೆ:
ನೋಟ ಎತ್ತಲೋ, ಮಾತು ಇನ್ನೆತ್ತಲೋ,
ಬೆರಳು ಮಾತ್ರ ಬಲೆಯ ಒಂದೊಂದು ಕಣ್ಣನ್ನೂ ಮುಟ್ಟಿ
ಇದು ಸರಿ, ಇದು ಹರಕು, ಇದು ಸರಿ, ಅನ್ನುತ್ತಿತ್ತು.

ಆಮೇಲೆ ಒಳ್ಳೆಯದರ ಹಸಿವು ಶುರುವಾಯಿತು.
ಕೊರೂನ್ಯಾದಿಂದ ಮಗಳು ಕಳಿಸಿದ ಬಿ ಕಾಂಪ್ಲೆಕ್ಸು.
ಸೂಪರ್‌ಮಾರ್ಕೆಟ್ಟಿನ ಕಿತ್ತಳೆ ರುಚಿಯ ಕರಗುವ ಮಾತ್ರೆ.
ನರಕ್ಕೆ ಒಳ್ಳೆಯದೆಂದು ನೆರೆಯ ಶೋವಾನಾ ಕೊಟ್ಟದ್ದೊಂದು.
ಬೆಳಿಗ್ಗೆ ಮೂತ್ರದ ಹಳದಿ ಕಂಡು ಬೆಚ್ಚಿ ಓಡಿ ಬಂದಳು:
"ಗುಡ್ಡದ ಮುಳ್ಳುಹೂವು ನನ್ನೊಳಗೆ ಅರಳಿತಾ, ಬ್ರಾಯ್ಸ್?"
ನಕ್ಕೆ: "ಹೆಚ್ಚಾದದ್ದು ಹೊರಗೆ ಹೋಗುತ್ತೆ, ಹೆದರಬೇಡ."
ಆ ಮಾತು ಬಿ ಎರಡಕ್ಕೆ ನಿಜ.
ನಾನು ಎಲ್ಲ ಬಿಗೂ ಸೇರಿಸಿ ನಕ್ಕಿದ್ದೆ.

ಒಂದು ದಿನ ಕತ್ತು ಕೆನ್ನೆ ಕೆಂಡವಾಯಿತು, ನಯಾಸಿನ್ ಆಟ;
ಅರ್ಧ ಗಂಟೆಯಲ್ಲಿ ಇಳಿಯಿತು.
"ಅರವತ್ತರಲ್ಲಿ ನಾಚಿದೆ, ಅದೂ ಎದುರಿಗೆ ಯಾರೂ ಇಲ್ಲದೆ"
ಅಂತ ಬಂದರಿಗೆಲ್ಲ ಹೇಳಿ ನಗಿಸಿದಳು.

ಎರಡನೆಯ ಚಳಿಗಾಲಕ್ಕೆ ಇರುವೆಗಳು ಮರಳಿದವು.
ಮೊದಲು ಪಾದ, ಆಮೇಲೆ ಬೆರಳ ತುದಿ.
ಕೊರತೆಯಿರಬೇಕು ಅಂದಳು. ಇರಬೇಕು ಅಂದೆ.
ಇನ್ನೊಂದು ಡಬ್ಬಿ ಕೊಟ್ಟೆ. ಚಿಲ್ಲರೆಯನ್ನು
ಬೆರಳಲ್ಲಿ ಎತ್ತಲಾಗದೆ, ಕೌಂಟರಿನ ಅಂಚಿಗೆ ಜಾರಿಸಿ
ಅಂಗೈಗೆ ಬೀಳಿಸಿಕೊಂಡಳು.
ನೋಡಿದೆ. ನೋಡಿಯೂ ಮುಂದಿನವರನ್ನು ಕರೆದೆ.

ಮಾರ್ಚಿನಲ್ಲಿ ಅವಳು ಹೆಣೆದ ಬಲೆ ನಡುಗಡಲಲ್ಲಿ ಬಿಚ್ಚಿಕೊಂಡಿತು.
ಸಾರ್ಡೀನು ಅಷ್ಟೂ ಹೋಯಿತು. ದೋಣಿಯವನು ಬಯ್ಯಲಿಲ್ಲ;
ಸಡಿಲ ಗಂಟೊಂದನ್ನು ಕತ್ತರಿಸಿ ತಂದು
ಅವಳ ಮಡಿಲಲ್ಲಿಟ್ಟು ಹೋದ.

ಡಬ್ಬಿಗಳನ್ನೆಲ್ಲ ತಂದು ನನ್ನ ಮುಂದೆ ಸುರುವಿದಳು.
ಭೂತಗನ್ನಡಿ ಹಿಡಿದು ಸಣ್ಣಕ್ಷರ ಓದಿದೆ:
ಬಿ ಆರು, ಇದರಲ್ಲಿ ಐವತ್ತು, ಇದರಲ್ಲಿ ನೂರು,
ಕಿತ್ತಳೆಯದರಲ್ಲೂ ಹತ್ತು. ಹೆಸರು ಬೇರೆ, ಬಣ್ಣ ಬೇರೆ,
ಒಳಗೆ ಅದೇ ಆಸಾಮಿ.
ನರಕ್ಕೆ ಹಾಲೂಡುವ ಕೈಯೇ
ಅಳತೆ ಮೀರಿದರೆ ಅದರ ಕತ್ತು ಹಿಚುಕುತ್ತದೆ.
ಇಲ್ಲದ್ದಕ್ಕೂ ಹೆಚ್ಚಿದ್ದಕ್ಕೂ ಮೈ ಕೂಗುವುದು ಒಂದೇ ಕೂಗು.
ಕೂಗು ಕೇಳಿಸಿಕೊಂಡೆ. ಲೆಕ್ಕ ಕೇಳಲಿಲ್ಲ.

ಈಗ ದಾಳಿಂಬೆಯ ಸೂಜಿ ಮಾತ್ರ, ತಿಂಗಳಿಗೊಂದು.
ಉಳಿದವು ನನ್ನ ಮೇಜಿನ ಖಾನೆಯಲ್ಲಿವೆ, ಬಿಸಾಡಿಲ್ಲ.
ಎಂಟು ತಿಂಗಳಾಯಿತು. ಪಾದಕ್ಕೆ ನೆಲ ಮರಳಿದೆ,
ಬಲಗೈಗೆ ದಾರ.
ಎಡಗೈಯ ಎರಡು ಬೆರಳು ಇನ್ನೂ ಹತ್ತಿ.

ನಿನ್ನೆ ಕೇಳಿದಳು: "ಬಲೆಯೆಂದರೇನು, ಹೇಳು?"
"ದಾರ."
"ತೂತು ಕಣೋ. ದಾರ ಹೆಚ್ಚಾದರೆ ಅದು ಗೋಣಿಚೀಲ."
ಆಮೇಲೆ ಕಣ್ಣು ಮುಚ್ಚಿ, ಎಡಗೈಯಲ್ಲೇ,
ಚಿಲ್ಲರೆ ಎತ್ತಿಕೊಳ್ಳಲು ಹೊರಟಳು.
ಎರಡು ಸೆಂಟಿನದೊಂದು ಜಾರಿ ಬೀರುವಿನ ಕೆಳಗೆ ಉರುಳಿತು.
"ಬಿಡು" ಅಂದಳು.
ಅವಳು ಹೋದ ಮೇಲೂ ಮಂಡಿಯೂರಿ
ಕತ್ತಲಲ್ಲಿ ಕೈಯಾಡಿಸುತ್ತಿದ್ದೆ.