ಬದಲಾದ ಪರಿಸ್ಥಿತಿ

ಆದೇಶದಾಗ ನನ್ನ ಮಗಳಿಗೆ ಇನ್ನೂ ಮೂರೇ ವರ್ಷ.
ಠಸ್ಸೆ ಒತ್ತಿದ ಹಾಳಿಯೊಳಗ ಆಕಿ ಹಾಲು ಕುಡಿತಾಳ,
ತಿಂಗಳಿಗೆ ಸಾವಿರದ ಎಂಟುನೂರರಾಗ
ಹೊಟ್ಟಿ ತುಂಬಿ ಮಲಗ್ತಾಳ.

ಒಂಬತ್ತು ವರ್ಷ ಆ ಹಾಳಿ
ಜ್ವಾಳದ ಡಬ್ಬಿ ತಳದಾಗ ಇತ್ತು.
ಈಗ ಬಿಚ್ಚಿದ್ರ ಮಡಿಕಿ ಮಡಿಕಿಗೂ ಹಿಟ್ಟು ಉದುರತದ.

ವಕೀಲಮ್ಮ ಅಂದ್ಲು:
"ಪರಿಸ್ಥಿತಿ ಬದಲಾಗ್ಯಾದಂತ ತೋರಸಬೇಕು, ಮಹಾನಂದಾ.
ಬರೇ ಬಾಯಿಲೆ ಹೇಳಿದ್ರ ನಡಿಯಂಗಿಲ್ಲ."

ತೋರಸ್ತೀನ್ರಿ.
ಖಾನಾವಳಿಗೆ ರೊಟ್ಟಿ ಬಡಿತೀನಿ.
ಆವಾಗ ಒಂದಕ್ಕ ಎರಡೂವರಿ, ಈಗ ನಾಲ್ಕು.
ಇದೂ ಬರೀಬೇಕೇನ್ರಿ? ನನಗೇ ಉಲ್ಟಾ ಆಗಂಗಿಲ್ಲೇನು?
"ಬರಿ," ಅಂದ್ಲು, "ಸುಳ್ಳು ಬ್ಯಾಡ."
ಬರೆಸಿದೆ.
ಕನ್ನಡಕದ ಚೀಟಿ, ಸಾಲಿ ಫೀಸಿನ ರಸೀದಿ, ಬಸ್ ಪಾಸು,
ಶಹಾಬಜಾರ್ ನಾಕಾದಾಗ ಕೊಂಡ ಬೂಟಿನ ಬಿಲ್ಲು.
ಮೆಡಿಕಲ್‌ನಾಂವ ತಿಂಗಳಾ ತಿಂಗಳಾ
ಪೇಪರಿನಾಗ ಸುತ್ತಿ ಕೊಡೋ ಪ್ಯಾಕೆಟ್ಟಿಗೆ ಮಾತ್ರ
ಬಿಲ್ಲು ಕೇಳಾಕ ನಾಚಿಕಿ ಬಂತು.

ಬಾಗಿಲ ಚೌಕಟ್ಟಿಗೆ ಪೆನ್ಸಿಲ್ ಗೆರಿ ಇದ್ದವು,
ಆಕಿ ಎತ್ತರ, ವರ್ಷಕ್ಕೊಂದು.
ಬಾಡಗಿ ಮನಿ. ಹೋದ ದೀಪಾವಳಿಗೆ
ಮಾಲಕ ಬಣ್ಣ ಹೊಡಸ್ಯಾನ.

ಧೂಳಪ್ಪ ಬಂದಿದ್ದ. ತಲಿ ಅರ್ಧ ಬೆಳ್ಳಗಾಗ್ಯಾದ.
ಅವನ ವಕೀಲನ ಕೈಯಾಗ
ಕಪನೂರ ದಾಲ್ ಮಿಲ್ಲಿನ ಪಗಾರ ಚೀಟಿ.
ಅದರಾಗ ಇನ್ನೂ ಹಳೇ ಪಗಾರ.
ಕಾಗದದಾಗ ನಾವ್ಯಾರೂ ಬೆಳದಿಲ್ಲ.

ಕೋರ್ಟಿನ ಪಡಸಾಲ್ಯಾಗ
ಬೇವಿನ ಗಿಡದ ಕಡಿ ಮಾರಿ ಮಾಡಿ ಕೇಳಿದ:
"ಕೂಸಿನ್ನ ಯಾರ ಹಂತ್ಯಾಕ ಬಿಟ್ಟು ಬಂದಿ?"

ಕೂಸು ನನ್ನ ಬಾಜೂಕೇ ನಿಂತಿತ್ತು,
ಓಢಣಿ ಚುಂಗಿಲೆ ಕನ್ನಡಕ ಒರಸಿಕೋತ,
ಗ್ವಾಡಿಗೆ ಹಚ್ಚಿದ ಪಟ್ಟಿಯಾಗ ನಮ್ಮ ನಂಬರ್ ಹುಡುಕ್ಕೋತ.
"ಹದಿನಾರನೇದು ಅದ, ಯವ್ವಾ" ಅಂತು.

ದನಿಗೆ ತಿರುಗಿದ.
ಮೊದಲು ಆಕಿ ಬೂಟು ನೋಡಿದ.
ಅಲ್ಲಿಂದ ಮ್ಯಾಲ ಮ್ಯಾಲಕ್ಕ,
ಮೆಟ್ಟಲಾ ಎಣಿಸಿಕೋತ ಹತ್ತೋ ಮುದುಕನಂಗ.
ಮಾರಿ ತನಕ ಬರಾಕ ಭಾಳ ಹೊತ್ತು ಹಿಡೀತು.
ಆಕಿ ನೋಡಲಿಲ್ಲ. ಪಟ್ಟಿ ಓದಕೋತೇ ಇದ್ಲು,
ಬ್ಯಾರೆಯವರ ಹೆಸರೂ.

ನಾ ಏನರ ಅನ್ನಬೇಕಂದ್ಯಾ.
ಬೈಬೇಕಂತ ಒಂಬತ್ತು ವರ್ಷದಿಂದ ಜೋಡಿಸಿಟ್ಟ ಮಾತು
ಒಂದೂ ನೆನಪಾಗಲಿಲ್ಲ.

ಅಷ್ಟರಾಗ ಒಳಗಿಂದ ಜವಾನ ಕೂಗಿದ,
ನನ್ನ ಹೆಸರು, ಅವನ ಹೆಸರು,
ನಡಬರಕ ಒಂದು ವರ್ಸಸ್.

ಇಬ್ಬರೂ ಒಮ್ಮಿಗೇ ಅಂದ್ವಿ,
"ಅದೀನ್ರಿ."